ಮಂಡಿ ಸವೆದಿದೆ ಅಂದ ಮಾತ್ರಕ್ಕೆ ನಡಿಗೆ ನಿಲ್ಲಿಸಬೇಡಿ

ಅಮ್ಮನಿಗೆ 61 ವರ್ಷ ಇದ್ದಾಗ ಮಂಡಿನೋವು ಅಂತ ಎಕ್ಸ್‌ರೇ ತೆಗೆಸಿದೆವು. "ಮಂಡಿ ಸವೆದಿದೆ, ಮೂಳೆಗಳ ನಡುವಿನ ಗ್ಯಾಪ್ ಕಮ್ಮಿ ಆಗಿದೆ. ಇನ್ಮೇಲೆ ಜಾಸ್ತಿ ಓಡಾಡಬೇಡಿ" ಅಂದರು. ಅಮ್ಮ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದವಳು ಆಟೋ ಹತ್ತಿದಳು. ಮಾರ್ಕೆಟ್ಟಿಗೆ ಹೋಗುವುದು ನಿಂತಿತು. ಬಾಗಿಲ ಮುಂದೆ ರಂಗೋಲಿ ಹಾಕುವುದೂ ನಿಂತಿತು. ಈಗ ಅವಳಿಗೆ 76. ಹೋದ ವರ್ಷದವರೆಗೂ ಕುರ್ಚಿಯಿಂದ ಏಳಬೇಕಾದರೆ ಯಾರಾದರೂ ಕೈ ಕೊಡಬೇಕಿತ್ತು.

ಅದಕ್ಕೆಲ್ಲ ಮಂಡಿಯೇ ಕಾರಣ ಅಂತ ನಾವು ಅಂದುಕೊಂಡಿದ್ದೆವು. ಅಷ್ಟು ವರ್ಷ ಕೂತು ಕೂತು ಅವಳ ತೊಡೆ ಸೊರಗಿ ಹೋಗಿದೆ ಅನ್ನುವುದು ನನಗೆ ಹೊಳೆದದ್ದು ನನ್ನದೇ ಮಂಡಿ ಕೈಕೊಟ್ಟ ಮೇಲೆ.

ಎರಡು ವರ್ಷದ ಹಿಂದಿನ ಮಾತು. ನನಗೆ 51. ಶುಗರ್ ಬಾರ್ಡರಿನಲ್ಲಿದೆ, ವಾಕಿಂಗ್ ಶುರು ಮಾಡಿ ಅಂದರು ಡಾಕ್ಟರು. ಸ್ಕೂಲಿನ ಗೆಳತಿಯರೆಲ್ಲ ಸೇರಿ ವಾಟ್ಸಾಪಿನಲ್ಲಿ ದಿನಾ ಯಾರದ್ದು ಎಷ್ಟು ಹೆಜ್ಜೆ ಅಂತ ಹಾಕಲು ಶುರು ಮಾಡಿದೆವು. ಒಂದೇ ತಿಂಗಳಲ್ಲಿ ನಾನು 4,000ದಿಂದ 12,000ಕ್ಕೆ ಹೋದೆ. ವಾರದ ದಿನ ಕುಕ್ಕರಹಳ್ಳಿ ಕೆರೆ, ಭಾನುವಾರ ಚಾಮುಂಡಿ ಬೆಟ್ಟ. ಅದೂ ಮೆಟ್ಟಿಲಲ್ಲೇ ಹತ್ತಿ, ಮೆಟ್ಟಿಲಲ್ಲೇ ಇಳಿಯುವುದು.

ಮೂರನೇ ಭಾನುವಾರ, ಇಳಿಯುವಾಗ ನಂದಿ ದಾಟಿ ಸ್ವಲ್ಪ ಕೆಳಗೆ ಬಂದಿದ್ದೆ. ಬಲಗಾಲಿನ ಮಂಡಿಚಿಪ್ಪಿನ ಹಿಂದೆ ಸೂಜಿ ಚುಚ್ಚಿದಂತಾಯಿತು. ಉಳಿದ ಮೆಟ್ಟಿಲನ್ನು ಒಂದೊಂದಕ್ಕೂ ಎರಡೂ ಕಾಲಿಟ್ಟು, ಅಡ್ಡಡ್ಡ ತಿರುಗಿ ಇಳಿದೆ. ಆಮೇಲೆ ನಾನು ಕೆಲಸ ಮಾಡುವ ಸ್ಕೂಲಿನ ಮೆಟ್ಟಿಲೂ ಹಾಗೇ ಆಯಿತು. ಅರ್ಧ ಗಂಟೆ ಕೂತು ಎದ್ದರೆ ಮೊದಲ ನಾಲ್ಕು ಹೆಜ್ಜೆ ನರಕ.

ಎಲ್ಲರಲ್ಲೂ ಒಂದೊಂದು ಮದ್ದಿತ್ತು. ಎಣ್ಣೆ ತಿಕ್ಕು, ಎಕ್ಕದ ಎಲೆ ಕಟ್ಟು, ನೀಕ್ಯಾಪ್ ಹಾಕು, ಯಾವುದೋ ಪುಡಿ ಹಾಲಿಗೆ ಹಾಕಿ ಕುಡಿ. ನಾನು ಮಾಡಿದ್ದು ಇವೆಲ್ಲಕ್ಕಿಂತ ಕೆಟ್ಟದ್ದು. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು, ನುಂಗಿ, ಎರಡು ವಾರ ಅಷ್ಟೇ ದೂರ ನಡೆದೆ. ದಯವಿಟ್ಟು ಹೀಗೆ ಮಾಡಬೇಡಿ. ಮಾತ್ರೆ ನೋವನ್ನು ಮುಚ್ಚುತ್ತದೆ, ಮಂಡಿಯ ಮೇಲಿನ ಭಾರ ಹಾಗೇ ಇರುತ್ತದೆ. ಬಿ.ಪಿ., ಕಿಡ್ನಿ ಅಥವಾ ಹೊಟ್ಟೆ ಹುಣ್ಣಿನ ತೊಂದರೆ ಇರುವವರಿಗಂತೂ ಕೇಳದೆ ನುಂಗುವ ಈ ಮಾತ್ರೆಗಳು ಅಪಾಯ.

ದಿನಕ್ಕೆ 10,000 ಹೆಜ್ಜೆ ಹಾಕಬೇಕು ಅನ್ನುತ್ತಾರಲ್ಲ, ಅದರ ಬಗ್ಗೆ ಒಂದು ಮಾತು. ನಾವೆಲ್ಲ ಅದನ್ನು ವೈದ್ಯರು ಹಾಕಿಕೊಟ್ಟ ಲೆಕ್ಕ ಅಂತ ನಂಬಿದ್ದೇವೆ, ಅಲ್ವಾ? ಅದು ಬಂದದ್ದು ಜಪಾನಿನಿಂದ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಅಲ್ಲೊಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದು ಅದಕ್ಕೆ 'ಹತ್ತು ಸಾವಿರ ಹೆಜ್ಜೆ ಮೀಟರ್' ಅನ್ನುವ ಅರ್ಥದ ಹೆಸರಿಟ್ಟಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಸುಮಾರು 17,000 ಹೆಂಗಸರ ಹೆಜ್ಜೆ ಲೆಕ್ಕ ನೋಡಿದರು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲೇ ಸಾವು ಎದ್ದು ಕಾಣುವಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇದು ಮೊದಲೇ ಗೊತ್ತಿದ್ದರೆ 12,000ದ ಹಿಂದೆ ನಾನು ಓಡುತ್ತಿರಲಿಲ್ಲ.

ಕೊನೆಗೆ ಮೂಳೆ ಡಾಕ್ಟರು ನೋಡಿ, ಹೆದರುವಂಥದ್ದೇನೂ ಇಲ್ಲ ಅಂತ ಹೇಳಿ ಫಿಸಿಯೋ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ. ಮಂಡಿ ಮುಟ್ಟಲೇ ಇಲ್ಲ. ಒಂದು ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟಳು.

"ಕೈ ಕಟ್ಕೊಂಡು ಎದ್ದು ಎದ್ದು ಕೂತ್ಕೊಳ್ಳಿ ಮೇಡಂ. 30 ಸೆಕೆಂಡಲ್ಲಿ ಎಷ್ಟು ಸಲ ಆಗುತ್ತೆ ನೋಡೋಣ."

ಒಂಬತ್ತು ಸಲ ಆಯಿತು. ಏಳನೇ ಸಲಕ್ಕೇ ತೊಡೆ ನಡುಗಲು ಶುರುವಾಗಿತ್ತು. ಅವಳು ನನ್ನ ಎರಡೂ ಮಂಡಿಗಳ ನಡುವೆ ಅಂಗೈ ಅಡ್ಡ ಹಿಡಿದಳು. ಏಳುವಾಗಲೆಲ್ಲ ಬಲ ಮಂಡಿ ಒಳಗೆ ಬಾಗಿ ಅವಳ ಕೈಗೆ ತಾಗುತ್ತಿತ್ತು. "ನೋಡಿ, ಮಂಡಿ ಒಳಗೆ ಬೀಳ್ತಿದೆ. ಸೊಂಟದ ಪಕ್ಕದ ಮಸಲ್ ಹಿಡೀತಾ ಇಲ್ಲ" ಅಂದಳು.

"ದಿನಾ ಅಷ್ಟು ನಡೀತೀನಲ್ಲಮ್ಮ, ಆದ್ರೂ ಕಾಲಿಗೆ ಶಕ್ತಿ ಇಲ್ವಾ?"

"ನಡೆಯೋದು ಹಾರ್ಟಿಗೆ ಒಳ್ಳೇದು, ಶುಗರಿಗೆ ಒಳ್ಳೇದು ಮೇಡಂ. ತೊಡೆಗೆ ಅಷ್ಟೇ ಸಾಲಲ್ಲ."

ಈ ಒಂದು ಮಾತನ್ನು ನಮ್ಮ ವಯಸ್ಸಿನ ಹೆಂಗಸರಿಗೆ ಯಾರೂ ಹೇಳುವುದಿಲ್ಲ. ಎಲ್ಲರೂ 'ವಾಕಿಂಗ್ ಮಾಡಿ' ಅನ್ನುತ್ತಾರೆ, ಅಲ್ಲಿಗೆ ಬಿಡುತ್ತಾರೆ. ಮುಟ್ಟು ನಿಂತ ಮೇಲೆ ನಮ್ಮಲ್ಲಿ ಮಂಡಿನೋವು ಜಾಸ್ತಿ. ಅದೇ ಹೊತ್ತಿಗೆ ಮಾಂಸಖಂಡವೂ ಕರಗುತ್ತಾ ಬರುತ್ತದೆ. ಆ ಮಂಡಿಯ ಮೇಲೆ ಒಂದೇ ಸಮನೆ ನಡೆಯಿರಿ ಅಂದರೆ ಅದಾದರೂ ಏನು ಮಾಡಬೇಕು?

ಇಳಿಯುವಾಗಲೇ ಯಾಕೆ ನೋವು ಅಂತ ಕೇಳಿದ್ದಕ್ಕೆ ಅವಳು ವಿವರಿಸಿದಳು. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಚಿಪ್ಪಿನ ಹಿಂದೆ ದೇಹದ ತೂಕದ ಅರ್ಧದಷ್ಟು ಒತ್ತಡ ಬೀಳುತ್ತದೆ. ಮೆಟ್ಟಿಲಲ್ಲಿ ಅದು ದೇಹದ ತೂಕದ ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗವೇ ಬ್ರೇಕು. ಆ ಬ್ರೇಕು ದಣಿದ ಮೇಲೆ ಏಟೆಲ್ಲ ಕೀಲಿಗೆ. ಬೆಟ್ಟದಲ್ಲಿ ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ, ಲೆಕ್ಕ ಹಾಕಿ ನೋಡಿ. ಈಗ ನಾನು ಬೆಟ್ಟಕ್ಕೆ ಹೋದರೆ ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ಸಿಟಿ ಬಸ್ಸಿನಲ್ಲಿ. ತಾಯಿ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸವೆತ ಅನ್ನುವ ಪದದ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಸವೆಯುವುದು ಚಪ್ಪಲಿ, ಸವೆಯುವುದು ಟೈರು. ಬಳಸಿದಷ್ಟೂ ಮುಗಿದುಹೋಗುತ್ತದೆ ಅನ್ನುವ ಭಯ ಆ ಪದದಲ್ಲೇ ಇದೆ. ಮಂಡಿಯೊಳಗಿನ ಮೆತ್ತೆಗೆ, ಅದೇ ಕಾರ್ಟಿಲೇಜಿಗೆ, ರಕ್ತನಾಳ ಇಲ್ಲ. ಕೀಲಿನ ಒಳಗಿನ ದ್ರವದಿಂದಲೇ ಅದಕ್ಕೆ ಊಟ. ಹೆಜ್ಜೆ ಇಟ್ಟಾಗ ಒತ್ತಿಕೊಂಡು, ಎತ್ತಿದಾಗ ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಕೂತೇ ಇದ್ದರೆ ಅದಕ್ಕೆ ಉಪವಾಸ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸಂಧಿವಾತ (ನಾವು ಸವೆತ ಅನ್ನುವುದು ಇದನ್ನೇ) ಶೇ. 3.5 ಮಂದಿಗೆ ಇತ್ತು. ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗಾಗಿ ಓಡುವವರಲ್ಲಿ ಶೇ. 13.3. ಮೂರೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ನನ್ನ ತಪ್ಪೂ ಕಾಣುತ್ತದೆ, ಅಮ್ಮನಿಗೆ ಆದ ಅನ್ಯಾಯವೂ ಕಾಣುತ್ತದೆ. ಇನ್ನೊಂದು ವಿಷಯ. ಎಕ್ಸ್‌ರೇಯಲ್ಲಿ ಗ್ಯಾಪ್ ಕಮ್ಮಿ ಕಂಡರೂ ನೋವೇ ಇಲ್ಲದೆ ಓಡಾಡುವವರು ಎಷ್ಟೋ ಮಂದಿ ಇದ್ದಾರೆ. ಫಿಲ್ಮ್ ನೋಡಿ ಯಾರದ್ದೋ ನಡಿಗೆಯನ್ನೇ ನಿಲ್ಲಿಸಿಬಿಡುವುದು ಸರಿಯಲ್ಲ.

ನಾನು ಮಾಡಿದ್ದು ಇಷ್ಟು. ಬೆಟ್ಟ ಬಿಟ್ಟೆ. ನಡಿಗೆಯನ್ನು 3,000 ಹೆಜ್ಜೆಗೆ ಇಳಿಸಿದೆ, ಪೂರ್ತಿ ನಿಲ್ಲಿಸಲಿಲ್ಲ. ರಸ್ತೆ ಬಿಟ್ಟು ಕೆರೆಯ ಮಣ್ಣು ದಾರಿ ಹಿಡಿದೆ. ಹಿಮ್ಮಡಿ ಒಂದು ಪಕ್ಕ ಸವೆದಿದ್ದ ಹಳೇ ಶೂ ಎಸೆದೆ. ಬೆಳಿಗ್ಗೆ ಹದಿನೈದು ನಿಮಿಷ ವ್ಯಾಯಾಮ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಐದು ಎಣಿಸುವವರೆಗೆ ಒತ್ತುವುದು. ಅಂಗಾತ ಮಲಗಿ ಒಂದು ಕಾಲನ್ನು ನೇರ ಎತ್ತುವುದು. ಸೊಂಟ ಎತ್ತುವ ಸೇತುಬಂಧ. ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು. ಆಮೇಲೆ ಅದೇ ಕುರ್ಚಿ. ವಜ್ರಾಸನ, ಕುಕ್ಕರಗಾಲಲ್ಲಿ ಕೂರುವುದು, ಇವನ್ನು ನೋವು ಇಳಿಯುವವರೆಗೆ ಬಿಟ್ಟೆ. ಈಗ ಮತ್ತೆ ಮಾಡುತ್ತೇನೆ.

ನೋವನ್ನು ಅಳೆಯುವುದನ್ನೂ ಅವಳೇ ಕಲಿಸಿದಳು. ಹತ್ತಕ್ಕೆ ಮೂರರಷ್ಟು ನೋವಿದ್ದರೆ ಮಾಡಬಹುದು. ಮರುದಿನ ಬೆಳಿಗ್ಗೆ ಅದು ಜಾಸ್ತಿ ಆಗಿದ್ದರೆ, ಮಂಡಿ ಊದಿದ್ದರೆ, ಹಿಂದಿನ ದಿನ ಅತಿಯಾಯಿತು ಅಂತ ಅರ್ಥ. ಅಷ್ಟು ಕಡಿಮೆ ಮಾಡಬೇಕು. ಬಿಡಬಾರದು.

ಆರು ವಾರ ಏನೂ ಬದಲಾಗಲಿಲ್ಲ. ಬಹಳ ಜನ ಇಲ್ಲೇ ಕೈಬಿಡುತ್ತಾರೆ, ನಾನೂ ಬಿಡುವವಳಿದ್ದೆ. ಎಂಟನೇ ವಾರ ಒಂದು ದಿನ ಸ್ಕೂಲಿನಲ್ಲಿ ಎರಡೂ ಕೈ ತುಂಬ ನೋಟ್ಸ್ ಹಿಡಿದುಕೊಂಡು ಕೆಳಗೆ ಬಂದೆ. ಸ್ಟಾಫ್ ರೂಮಿನಲ್ಲಿ ಕೂತ ಮೇಲೆ ನೆನಪಾಯಿತು, ಕಂಬಿ ಹಿಡಿದೇ ಇರಲಿಲ್ಲ. ಅಲ್ಲಿಂದ ವಾರಕ್ಕೆ 500 ಹೆಜ್ಜೆಯಂತೆ ಏರಿಸಿದೆ. ಈಗ 7,000ದಲ್ಲಿ ನಿಂತಿದ್ದೇನೆ. ಈ ನಡುವೆ ನಾಲ್ಕು ಕೆ.ಜಿ. ಇಳಿದೆ. ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ಹಾಗಾಗಿ ಅದೂ ಸಣ್ಣ ವಿಷಯವಲ್ಲ.

ಎಲ್ಲ ಮಂಡಿನೋವೂ ನನ್ನದರಂತಿರುವುದಿಲ್ಲ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದ್ದರೆ, ಜ್ವರ ಇದ್ದರೆ, ಕಾಲು ಮಡಚಿದಲ್ಲೇ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಜಾರಿದಂತಾದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮ ಅಂತ ಕೂರಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ.

ಹೋದ ವರ್ಷ ಅದೇ ಫಿಸಿಯೋ ಹುಡುಗಿಯನ್ನು ಮನೆಗೆ ಕರೆಸಿ ಅಮ್ಮನನ್ನು ತೋರಿಸಿದೆ. "ಈ ವಯಸ್ಸಲ್ಲಿ ನಂಗ್ಯಾಕೆ ಇವೆಲ್ಲ" ಅಂದಳು ಅಮ್ಮ. ಕುರ್ಚಿಯ ಮೇಲೆ ಮೂರು ದಿಂಬು ಇಟ್ಟು ಎತ್ತರ ಮಾಡಿ, ನಾನು ಎದುರಿಗೆ ನಿಂತು ಕೈ ಹಿಡಿದುಕೊಂಡು ಶುರು ಮಾಡಿದೆವು. ಮೊದಲ ದಿನ ಎರಡು ಸಲ ಎದ್ದಳು. ಎರಡು ತಿಂಗಳ ಮೇಲೆ ನನ್ನ ಕೈ ಹಿಡಿಯದೆ ತಾನೇ ಎದ್ದಳು. ಈಗ ಒಂದೇ ದಿಂಬು, ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಎಂಟು ಸಲ. ಜೋರಾಗಿ ಎಣಿಸುತ್ತಾಳೆ, ಅಡುಗೆಮನೆಯಲ್ಲಿ ನನಗೆ ಕೇಳಿಸಲಿ ಅಂತ.