ಬೆಟ್ಟಕ್ಕೆ ಹತ್ತು ಸಾವಿರ

ಮೊನ್ನೆ ವಿರಾಜಪೇಟೆಯಲ್ಲಿ ಒಂದು ಮದುವೆ. ಊಟಕ್ಕೆ ಮುಂಚೆ ಗ್ಲಾಸ್ ಹಿಡಿದುಕೊಂಡು ನಾವು ನಾಲ್ಕೈದು ಜನ ದೇಶದ ಬಡತನದ ಬಗ್ಗೆ ಮಾತಾಡುತ್ತಿದ್ದೆವು. ಎರಡನೇ ಗ್ಲಾಸಿಗೆ ಒಮ್ಮತ ಬಂತು. ಬಡವರ ಕೈಗೆ ದುಡ್ಡು ಕೊಡಬಾರದು, ಕುಡಿದು ಹಾಳು ಮಾಡ್ತಾರೆ. ಮೂರನೇ ಗ್ಲಾಸಿಗೆ ಅದನ್ನೇ ಇನ್ನಷ್ಟು ಜೋರಾಗಿ ಹೇಳಿದೆವು.

ಕೀನ್ಯಾದಲ್ಲಿ ಗಿವ್‌ಡೈರೆಕ್ಟ್‌ಲಿ ಅಂತ ಒಂದು ಸಂಸ್ಥೆ ಈ ತಪ್ಪನ್ನು ಬೇಕಂತಲೇ ಮಾಡಿತು. ಹುಲ್ಲು ಮಾಡಿನ ಮನೆಗಳನ್ನು ಹುಡುಕಿ, ಮೊಬೈಲಿಗೆ ದುಡ್ಡು ಹಾಕಿ, ಏನು ಬೇಕಾದರೂ ಮಾಡಿಕೊಳ್ಳಿ ಅಂತ ಸುಮ್ಮನಾಯಿತು. ಸಂಶೋಧಕರು ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. ಹೆಂಡ, ಹೊಗೆಸೊಪ್ಪಿನ ಖರ್ಚು ಜಾಸ್ತಿ ಆಗಿರಲಿಲ್ಲ. ಎಷ್ಟೋ ಮನೆಯವರು ತಗಡು ತಂದು ಮಾಡಿಗೆ ಹೊದಿಸಿದ್ದರು. ಹುಲ್ಲನ್ನು ಮತ್ತೆ ಮತ್ತೆ ಬದಲಿಸುವ ಖರ್ಚು ಉಳಿಯುತ್ತಲ್ಲ! ಮೇಲ್ವಿಚಾರಣಾ ಸಮಿತಿ ಇಲ್ಲದೆ ಇಷ್ಟು ಬುದ್ಧಿ ಅವರಿಗೆ ಎಲ್ಲಿಂದ ಬಂತೋ.

ನಮ್ಮಲ್ಲಿ ಹಾಗೆಲ್ಲ ಬಿಡುವುದಿಲ್ಲ. 2016ರಲ್ಲೇ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ದುಡ್ಡು ನೇರ ಖಾತೆಗೇ ಬರುತ್ತದೆ, ಆದರೆ ಮನೆ ಕಟ್ಟಲಿಕ್ಕೇ ಅಂತ, ಕಂತು ಕಂತಾಗಿ. ಬಯಲು ನಾಡಿಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ, ಕಷ್ಟದ ಪ್ರದೇಶಗಳಿಗೆ 1.30 ಲಕ್ಷ. ಅಂದರೆ ಏರು, ಜಾರು, ಮಳೆ, ರಸ್ತೆಯಿಂದ ತಲೆ ಮೇಲೆ ಸಿಮೆಂಟ್ ಹೊರುವ ಕೂಲಿ, ಎಲ್ಲ ಸೇರಿ ಹತ್ತು ಸಾವಿರ. ಬೆಟ್ಟವನ್ನು ಇಷ್ಟು ಅಗ್ಗಕ್ಕೆ ರಿಸಾರ್ಟಿನವರೂ ಕೊಂಡಿಲ್ಲ. ಅಂದಿನಿಂದ ಸಿಮೆಂಟು, ಮರಳಿನ ರೇಟು ಎಲ್ಲಿಗೋ ಹೋಯಿತು. ಈ ಮೊತ್ತ ಮಾತ್ರ ಇದ್ದಲ್ಲೇ ಇದೆ. ಅದೂ ಜಾಗ ಇದ್ದವರಿಗೆ. ತೋಟದ ಲೈನ್ ಮನೆಯಲ್ಲಿ ಇರುವವರಿಗೆ ನೆಲ ಸಾಹುಕಾರರದ್ದು, ಸೋರುವ ಮಳೆಯಷ್ಟೇ ಸ್ವಂತದ್ದು.

ನಮ್ಮ ತೋಟದ ಆಚೆ ಆದಿವಾಸಿಗಳ ಹಾಡಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಅವರಿಗೆ ಮನೆ ಮಂಜೂರಾಯಿತು. ಫೌಂಡೇಶನ್ ಎದ್ದಿತು. ಇನ್ನು ಮುಂದಿನ ಕಂತು ಬರಬೇಕಾದರೆ ಜಾಗದ ಗುರುತಿನ ಸಮೇತ ಮೊಬೈಲ್ ಆ್ಯಪಿನಲ್ಲಿ ಫೋಟೋ ಹೋಗಬೇಕು. ಫೋಟೋಗೆ ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಕರೆಂಟ್ ಬೇಕು, ಕರೆಂಟಿಗೆ ಮರ ಬೀಳಬಾರದು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮರಕ್ಕೆ ಬೀಳಬೇಡ ಅಂತ ಹೇಳುವವರು ಯಾರು?

ಎರಡು ಸಲ ಫೋಟೋದವರು ಬಂದು ಕಂಬಳಿಕೊಪ್ಪೆ ಹಾಕಿಕೊಂಡು ಕಾದರು. ಒಂದು ಸಲ ಸಿಗ್ನಲ್ ಇಲ್ಲ. ಇನ್ನೊಂದು ಸಲ ಸಿಗ್ನಲ್ ಬಂತು, ಫೋಟೋದಲ್ಲಿ ಮಂಜು ಬಿಟ್ಟರೆ ಬೇರೇನೂ ಬೀಳಲಿಲ್ಲ.

"ಬಿಸಿಲು ಬಂದ ಮೇಲೆ ಬರ್ತೇನೆ ಅಕ್ಕ."

"ಬಿಸಿಲು ಬಂದ ಮೇಲೆ ನಂಗೆ ಮಾಡು ಯಾಕೆ ಸಾರ್?"

ಅಷ್ಟರಲ್ಲಿ ಗೃಹಲಕ್ಷ್ಮಿಯ ಮೂರು ತಿಂಗಳ ದುಡ್ಡು ಒಟ್ಟಿಗೆ ಬಂತು. ತಿಂಗಳಿಗೆ 2,000 ಲೆಕ್ಕದಲ್ಲಿ ಆರು ಸಾವಿರ. ಯಾವ ಫೋಟೋನೂ ಕೇಳಲಿಲ್ಲ, ಏನು ಮಾಡಿದಿರಿ ಅಂತ ಯಾರೂ ವಿಚಾರಿಸಲಿಲ್ಲ. ಮದುವೆ ಮನೆಯ ನಮ್ಮ ಸಮಿತಿಗೆ ಗೊತ್ತಾಗಿದ್ದರೆ ಎದೆ ಒಡೆದುಕೊಳ್ಳುತ್ತಿತ್ತು. ಅಕ್ಕ ಗೋಣಿಕೊಪ್ಪಕ್ಕೆ ಹೋಗಿ ಜಿಂಕ್ ಶೀಟ್ ತಂದರು. ಜೀಪಿನ ಬಾಡಿಗೆ ಉಳಿಸಲು ಕೊನೆಯ ಅರ್ಧ ಮೈಲಿ ಮಗನೂ ಅವರೂ ತಲೆ ಮೇಲೆ ಹೊತ್ತರು. ಹಳೆ ಗುಡಿಸಲಿನ ನೀಲಿ ಟಾರ್ಪಾಲು ತೆಗೆದು ಶೀಟ್ ಹೊದಿಸಿದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಹೊಸ ಟಾರ್ಪಾಲು ತರುವ ಖರ್ಚು ಉಳಿಯಿತು. ಕೀನ್ಯಾದ ವರದಿಯನ್ನು ಅವರು ಓದಿರಲಿಕ್ಕಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಫೋಟೋದವರು ಮತ್ತೆ ಬಂದರು. ಒಳ್ಳೆ ಮನುಷ್ಯ. ಫೌಂಡೇಶನ್ ಕಡೆ ಮೊಬೈಲ್ ಹಿಡಿದವರು ಗಾಬರಿಯಾಗಿ ಇಳಿಸಿದರು. ಹಿಂದುಗಡೆ ಹೊಸ ಶೀಟು ಫಳಫಳ ಹೊಳೆಯುತ್ತಿತ್ತು.

"ಅಯ್ಯೋ ಅಕ್ಕ, ಇದು ಫೋಟೋದಲ್ಲಿ ಬಂದರೆ ಮೇಲಿನವರು ನಿಮಗೆ ಮನೆ ಇದೆ ಅಂತಾರೆ. ಆ ಹಳೆ ಟಾರ್ಪಾಲು ಬಿಸಾಕಿಲ್ಲ ಅಲ್ವಾ? ಒಂದೈದು ನಿಮಿಷ ಮೇಲೆ ಹೊದಿಸಿ."