ಆ್ಯ ಅಂದ್ರೆ ಇರುವೆ

ಫೋನಿಕ್ಸ್, ಅಂದ್ರೆ ಇಂಗ್ಲಿಷ್ ಅಕ್ಷರಗಳ ಸದ್ದಿನ ಪಾಠ, ಹೇಳಿಕೊಡುವ ಎಲ್‌ಕೆಜಿ ಟೀಚರನ್ನು ಕಿಟಕಿಯಾಚೆಯಿಂದ ನೋಡಿದವರು, ಪಾಪ, ಹಲ್ಲುನೋವು ಇರಬೇಕು ಅಂದುಕೊಳ್ಳುತ್ತಾರೆ. ದವಡೆ ಇಳಿಬಿಟ್ಟು, ಬಾಯಿ ಅಗಲಿಸಿ "ಆ್ಯ, ಆ್ಯ, ಆ್ಯ" ಅನ್ನುವುದೇ ಬೆಳಗಿನ ಹೊತ್ತು ನನ್ನ ಕೆಲಸ. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ಎಸ್, ಎ, ಟಿ, ಐ, ಪಿ, ಎನ್ ಇವಿಷ್ಟನ್ನು ಮೊದಲು ಕಲಿಸಿಬಿಟ್ಟರೆ ಸ್ಯಾಟ್, ಟ್ಯಾಪ್, ಪ್ಯಾನ್, ಪಿನ್ ಅಂತ ಮಕ್ಕಳು ಬೇಗ ಪದ ಕಟ್ಟುತ್ತಾರೆ ಅನ್ನುವುದು ಲೆಕ್ಕ. ಹಾಗಾಗಿ ಶುರುವಿನಲ್ಲೇ ಎ ಅಕ್ಷರದ ಈ ಆ್ಯ ಸದ್ದು ಎದುರಾಗುತ್ತದೆ. ನಮ್ಮ 13 ಸ್ವರಗಳಲ್ಲಿ ಇದಕ್ಕೊಂದು ಅಕ್ಷರವೇ ಇಲ್ಲ. ಆ-ಕಾರಕ್ಕೆ ಯ-ಒತ್ತು ಹಚ್ಚಿ ಹೇಗೋ ಸುಧಾರಿಸುತ್ತೇವೆ.

ಆಟವಾಡಿಸುತ್ತಾ ಕಲಿಸಬೇಕು ಅಂತ ಮೇಲಿನವರ ಅಪ್ಪಣೆ. ಎ ಸದ್ದಿಗೆ ಇರುವೆ ಆಟ. ತೋಳಿನ ಮೇಲೆ ಇರುವೆ ಹತ್ತುತ್ತಿರುವ ಹಾಗೆ ಬೆರಳಾಡಿಸುತ್ತಾ "ಆ್ಯ, ಆ್ಯ, ಆ್ಯಂಟ್" ಅನ್ನಬೇಕು. ಚಿತ್ರ ತೋರಿಸಿ "ಇದೇನು?" ಅಂದೆ. "ಇರುವೇ!" ಅಂತು ಇಡೀ ಕ್ಲಾಸು. "ಮೊದಲ ಸದ್ದು ಯಾವುದು?" "ಇ!" ಅವರದ್ದೇನೂ ತಪ್ಪಿಲ್ಲ, ಅಲ್ವಾ?

ಅಷ್ಟರಲ್ಲಿ ಒಬ್ಬ ಪುಟಾಣಿ ಎದ್ದು ನಿಂತ.

"ಮಿಸ್, ಇದು ಕಚ್ಚೋ ಇರುವೆನಾ?"

"ಇಲ್ಲಪ್ಪ, ಕಚ್ಚಲ್ಲ."

"ಹಂಗಾದ್ರೆ ಯಾಕೆ ಮಿಸ್ ಆ್ಯ ಅನ್ನಬೇಕು?"

ಬಿ.ಎಡ್. ಓದಿದವರು ಯಾರಾದರೂ ಇದಕ್ಕೆ ಉತ್ತರ ಹೇಳಿದರೆ ನಾನೂ ಕೇಳಿಸಿಕೊಳ್ಳುತ್ತೇನೆ.

ಆಮೇಲೆ ರವೆ ತಟ್ಟೆ. ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ, ಸದ್ದು ಮಾಡುತ್ತಾ ಬೆರಳಿನಿಂದ ಅಕ್ಷರ ಬರೆಸುವುದು. ಬೆರಳಿಗೂ ಕಿವಿಗೂ ಒಟ್ಟಿಗೆ ಪಾಠ ಆಗಲಿ ಅಂತ. ಒಬ್ಬಳು ಊದಿದಳು, ಇನ್ನೊಬ್ಬ ಸೀನಿದ, ಮತ್ತೊಬ್ಬ ಬಾಯಿಗೆ ಹಾಕಿಕೊಂಡು "ಸಕ್ಕರೆ ಹಾಕಿಲ್ಲ ಮಿಸ್" ಅಂತ ದೂರು ಕೊಟ್ಟ. ಶನಿವಾರ ಮಧ್ಯಾಹ್ನ ಗುಡಿಸಿದ್ದಷ್ಟು ಗುಡಿಸಿ ಬೀಗ ಹಾಕಿದೆವು. ಸೋಮವಾರ ಬೀಗ ತೆಗೆದರೆ ಬೋರ್ಡಿನ ಬುಡದಿಂದ ಬಾಗಿಲವರೆಗೆ ಕಪ್ಪು ಸಾಲು. ಒಂದೊಂದು ಇರುವೆಯ ತಲೆಯ ಮೇಲೂ ಒಂದೊಂದು ರವೆ ಕಾಳು. ಇದಕ್ಕಿಂತ ಒಳ್ಳೆ ಪಾಠೋಪಕರಣ ಎಲ್ಲಿ ಸಿಗುತ್ತೆ? ಮಕ್ಕಳು ಮಂಡಿಯೂರಿ ನೋಡಿದರು. "ಏನಿದು ಮಕ್ಕಳೇ?" ಅಂದೆ, ಭಾರೀ ಆಸೆಯಿಂದ. "ಇರುವೇ!"

ಚೀಲದ ಆಟವೂ ಇದೆ. ಕಣ್ಣುಮುಚ್ಚಿ ಒಂದು ಸಾಮಾನು ತೆಗೆದು ಹೆಸರು ಹೇಳಬೇಕು. ಕ್ಯಾಪ್ ತೆಗೆದವನು "ಟೋಪಿ" ಅಂದ. ಪ್ಯಾನ್ ತೆಗೆದವಳು "ದೋಸೆ ಕಾವಲಿ" ಅಂದು, ಅವರಮ್ಮ ಅದರಲ್ಲಿ ದೋಸೆ ಹೇಗೆ ಸೀಯಿಸುತ್ತಾರೆ ಅನ್ನೋದನ್ನೂ ವಿವರಿಸಿದಳು. ಬೆಕ್ಕಿನ ಚಿತ್ರ ಹಿಡಿದು "ಕ್... ಆ್ಯ... ಟ್... ಸೇರಿಸಿದ್ರೆ?" ಅಂದೆ. ನನ್ನ ಹಿಂದೆಯೇ ಎಲ್ಲರೂ "ಕ್... ಆ್ಯ... ಟ್..." ಅಂದು, ಉಸಿರು ಎಳೆದುಕೊಂಡು, ಒಂದೇ ದನಿಯಲ್ಲಿ "ಬೆಕ್ಕು!" ಅಂದರು.

ಮನೆಯ ಕಥೆಗಳು ಬೇರೆ. ಒಬ್ಬ ಹುಡುಗ ಹೋಮ್‌ವರ್ಕ್ ಅಂತ ಊಟದ ಮುಂದೆ ಕೂತು "ಆ್ಯ, ಆ್ಯ" ಅಂದನಂತೆ. ವಾಂತಿ ಬರ್ತಿದೆ ಅಂತ ಅವನಜ್ಜಿ ಓಮದ ನೀರು ಕುಡಿಸಿ ಮಲಗಿಸಿದರು. ಮಾರನೇ ದಿನ ಅವನು ಕ್ಲಾಸಿನಲ್ಲಿ ಬಾಯಿಯೇ ಬಿಡಲಿಲ್ಲ. ಇನ್ನೊಂದು ಮಗು ಪಕ್ಕದ ಮನೆ ಆಂಟಿಯನ್ನು "ಆ್ಯಂಟೀ" ಅಂತ ಕರೆದು, ತೋಳಿನ ಮೇಲೆ ಬೆರಳು ಬೇರೆ ಆಡಿಸಿ ತೋರಿಸಿದೆ. ಆಂಟಿ ಸ್ವಲ್ಪ ಸಣ್ಣಗಿದ್ದಾರಂತೆ. ಬೇಜಾರು ಮಾಡಿಕೊಂಡರು.

ಕೊನೆಗೆ ಗೆಲ್ಲಿಸಿದ್ದು ರೌಂಡ್ ಆಟ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ರೌಂಡ್ ಬರೆದು, ನಾನು ಪದ ಹೇಳುತ್ತಾ ಹೋಗುವುದು. ಆ್ಯ ಕೇಳಿಸಿದರೆ ಒಳಗೆ ಒಂದು ಜಿಗಿತ. ಪೆನ್, ಡಾಗ್ ಅಂದಾಗ ಅಲ್ಲಾಡಬಾರದು. ನಾನು "ಬ್ಯಾಗ್" ಅಂದರೆ ಅರ್ಧ ಜನ ಜಿಗಿಯುತ್ತಿದ್ದರು, ಉಳಿದರ್ಧ ಪಕ್ಕದವರನ್ನು ನೋಡಿ ಜಿಗಿಯುತ್ತಿದ್ದರು. ಅಷ್ಟೊತ್ತಿಗೆ ಪೊರಕೆ ಹಿಡಿದು ನಮ್ಮ ಆಯಮ್ಮ ಬಂದರು. ಶಿರಾ ಕಡೆಯ ಹಳ್ಳಿಯವರು. ಗದ್ದಲ ನೋಡಿ, "ಬ್ಯಾಡ ಕಣ್ರಪ್ಪ, ಒಬ್ರ ಮ್ಯಾಲೆ ಒಬ್ರು ಬೀಳಬ್ಯಾಡಿ!" ಅಂದರು.

ಇಡೀ ಕ್ಲಾಸು ಜಿಗಿಯಿತು. ಬ್ಯಾಡಕ್ಕೆ ಒಂದು, ಮ್ಯಾಲೆಗೆ ಒಂದು, ಬೀಳಬ್ಯಾಡಿಗೆ ಇನ್ನೊಂದು. ಒಬ್ಬರೂ ಪಕ್ಕಕ್ಕೆ ನೋಡಲಿಲ್ಲ.

ನಾನು ಸುಮ್ನೆ ನಿಂತುಬಿಟ್ಟೆ. ನಾವು ಚಿಕ್ಕವರಿದ್ದಾಗ "ದ್ಯಾವ್ರು ಅನ್ನಬೇಡ, ದೇವರು ಅನ್ನು" ಅಂತ ಮೇಷ್ಟ್ರು ಕಿವಿ ಹಿಂಡಿ ಬಿಡಿಸಿದ ಸದ್ದು ಇದೇ. ಈಗ ಅದನ್ನೇ ಫೀಸು ಕಟ್ಟಿಸಿಕೊಂಡು, ಇರುವೆ ಚಿತ್ರ ಹಂಚಿ ವಾಪಸ್ ಕೊಡುತ್ತಿದ್ದೇವೆ. ನಮ್ಮ ಆಯಮ್ಮನ ಬಾಯಲ್ಲಿ ಅದು ದಿನವಿಡೀ ಬಿಟ್ಟಿ ಸಿಗುತ್ತದೆ. ಕನ್ನಡದ ಸದ್ದು ಕೊಂಚ ಉದ್ದ, ಇಂಗ್ಲಿಷಿನದು ಗಿಡ್ಡ. ಅಷ್ಟೇ ವ್ಯತ್ಯಾಸ.

"ಆಯಮ್ಮ, ನಾಳೆಯಿಂದ ಫೋನಿಕ್ಸ್ ಪೀರಿಯಡ್‌ಗೆ ನೀವೇ ಬಂದು ನಿಂತ್ಕೊಳ್ಳಿ. ಸುಮ್ನೆ ಮಾತಾಡ್ತಾ ಇದ್ರೆ ಸಾಕು" ಅಂದೆ.

ಅವರು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಅಯ್ಯೋ, ನಂಗ್ಯಾಕೆ ಟೀಚರಮ್ಮ ಇಂಗ್ಲೀಸು? ಪ್ಯಾಟೆಗೋಗಿ ಬ್ಯಾಳೆ ತರಾಕೇ ವ್ಯಾಳೆ ಇಲ್ಲ!"

ಪ್ಯಾಟೆ, ಬ್ಯಾಳೆ ಎರಡಕ್ಕೂ ಎಲ್ಲರೂ ಜಿಗಿದರು. ವ್ಯಾಳೆಗೆ ರೌಂಡಿನೊಳಗೆ ಜಾಗ ಸಾಲದೆ ಒಬ್ಬ ನನ್ನ ಕಾಲ ಮೇಲೇ ಬಂದು ಇಳಿದ. "ಆ್ಯ!" ಅಂದೆ. ಅವನು ಮತ್ತೆ ಜಿಗಿದ.