ಹೀಟಲ್ಲಿ ಆರನೇದು ಬಂದ್ರೆ ಮಗು ಸೋತಂಗಲ್ಲ

ನಿನ್ನೆ ಬೆಂಗಳೂರಲ್ಲಿ ಮಗಳ ಸ್ವಿಮ್ ಮೀಟ್ ಮುಗಿಸ್ಕೊಂಡು ರಾತ್ರಿ ತುಮಕೂರಿಗೆ ಬಂದ್ವಿ, ಇನ್ನೂ ಹೊಟ್ಟೆ ಉರೀತಿದೆ, ಬರೀದೆ ಇದ್ರೆ ನಿದ್ದೆ ಹತ್ತಲ್ಲ.

ಒಬ್ರು ಅಪ್ಪ, ಹನ್ನೊಂದು ವರ್ಷದ ಮಗಳನ್ನ ಪೂಲ್ ಪಕ್ಕದಲ್ಲೇ ನಿಲ್ಲಿಸ್ಕೊಂಡು ಬೈತಿದ್ರು. "ಆ ಹುಡುಗಿ ನೋಡು, ಫಸ್ಟ್ ಬಂದ್ಳು. ನೀನು ಆರನೇದು. ದಿನಾ ನಾಲ್ಕೂವರೆಗೆ ಎದ್ದು ಕರ್ಕೊಂಡ್ ಹೋಗೋದು ಇದಕ್ಕಾ?" ಮಗು ಟವೆಲ್ ಸುತ್ಕೊಂಡು ನಡುಗ್ತಾ ನಿಂತಿತ್ತು, ಕಣ್ಣ ಸುತ್ತ ಗಾಗಲ್ಸ್ ಅಚ್ಚು ಹಂಗೇ ಇತ್ತು, ಮುಂಗೈ ಮೇಲೆ ಮಾರ್ಕರಲ್ಲಿ ಬರ್ಕೊಂಡಿತ್ತು: ಹೀಟ್ 5, ಲೇನ್ 8. ಆ ಎರಡು ನಂಬರ್ ಅರ್ಥ ಗೊತ್ತಿದ್ದಿದ್ರೆ ಆ ಮನುಷ್ಯ ಮಗಳನ್ನ ತಬ್ಕೋತಿದ್ರು ಕಣ್ರೀ.

ಎಲ್ಲರನ್ನೂ ಒಟ್ಟಿಗೆ ಈಜ್ಸೋಕಾಗಲ್ಲ ಅಂತ ಗುಂಪು ಗುಂಪಾಗಿ ಬಿಡ್ತಾರೆ, ಒಂದೊಂದು ಗುಂಪೂ ಒಂದು ಹೀಟ್; ಪೂಲಲ್ಲಿ ಒಬ್ಬೊಬ್ರು ಈಜೋ ಸಾಲು ಲೇನ್. ಹೆಸರು ಕೊಡುವಾಗ ಮಗೂದು ಹಳೇ ಟೈಮ್ ಕೊಟ್ಟಿರ್ತೀವಲ್ಲ, ಅದನ್ನ ನೋಡಿ ನಿಧಾನದ ಮಕ್ಕಳನ್ನ ಮೊದಲ ಹೀಟ್‌ಗೆ, ಜೋರಾಗಿ ಈಜೋರನ್ನ ಕೊನೇ ಹೀಟ್‌ಗೆ ಹಾಕ್ತಾರೆ. ಹೀಟ್ ಒಳಗೂ ಲೆಕ್ಕ ಇದೆ, ಎಲ್ಲರಿಗಿಂತ ವೇಗದೋರು 4ನೇ ಲೇನ್, ಆಮೇಲೆ 5, 3, 6, 2, 7, 1, ಕೊನೆಗೆ 8. ಈ ರೇಸಿಗೆ ಬೇರೆ ಫೈನಲ್ ಇರ್ಲಿಲ್ಲ, ಐದೂ ಹೀಟಿನ ಟೈಮ್ ಒಟ್ಟಿಗೆ ಸೇರ್ಸಿ ಸ್ಥಾನ ಕೊಡೋದು. ಅಂದ್ರೆ ಕೊನೇ ಹೀಟಿನ 8ನೇ ಲೇನಲ್ಲಿದ್ದ ಈ ಮಗು ಎಲ್ಲರಲ್ಲೂ ಎಂಟನೇ ಟೈಮ್ ಇಟ್ಕೊಂಡು ನೀರಿಗೆ ಹಾರಿದ್ದು, 38 ಮಕ್ಕಳಲ್ಲಿ ಆರನೇದಾಗಿ ಹೊರಗೆ ಬಂದಿದ್ದು, ತನ್ನದೇ ಹಳೇ ಟೈಮಿಗಿಂತ ಎರಡು ಸೆಕೆಂಡಿಗೂ ಜಾಸ್ತಿ ಇಳಿಸಿತ್ತು. ಅವರು ಹೊಗಳಿದ ಹುಡುಗಿ ಮೊದಲ ಹೀಟಲ್ಲಿ ಫಸ್ಟ್, ಪಟ್ಟಿಯಲ್ಲಿ 29ನೇದು. ಅವಳೂ ಚೆನ್ನಾಗೇ ಈಜಿದ್ಳು, ಆ ಮಾತು ಬೇರೆ.

ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ್ಳಲ್ಲ, ತನ್ನ ಹೀಟಲ್ಲಿ ಅವಳೇ ಫಸ್ಟ್. ಆದ್ರೂ ಒಟ್ಟು 23ನೇ ಸ್ಥಾನ, ಸೆಮಿಫೈನಲ್‌ಗೆ ತಗೊಳ್ಳೋದು 16 ಜನಾನ ಮಾತ್ರ. ಅಲ್ಲೂ ಇದೇ ಲೆಕ್ಕ!

"ದುಡ್ಡು ಸುರೀತೀವಿ, ಪದಕ ಕೇಳೋದು ತಪ್ಪಾ" ಅಂತ ಕೆಲವರು ಕೇಳ್ತಾರೆ. ಕೇಳಿ, ಯಾರು ಬೇಡ ಅಂದ್ರು? ಆದ್ರೆ ಲೆಕ್ಕಾನೇ ಗೊತ್ತಿಲ್ದೆ ಮಗೂನ ನಾಲ್ಕು ಜನದ ಮುಂದೆ ಬೈಯೋಕೆ ನಮಗೆ ಯಾವ ಹಕ್ಕಿದೆ? ಮೂರು ದಿನ ಮೀಟಲ್ಲಿ ಕೂರ್ತೀರಲ್ಲ, ಹೀಟು, ಟೈಮು, ಸ್ಥಾನ ಎಲ್ಲಾ ಬರ್ದು ಗೋಡೆ ಮೇಲೆ ಅಂಟಿಸಿರೋ ಹಾಳೇನ ಒಂದ್ಸಲ ಓದ್ರಪ್ಪ.

ನಾನೂ ಈ ತಪ್ಪು ಮಾಡಿದೀನಿ, ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಎರಡು ವರ್ಷದ ಹಿಂದೆ ಬ್ರೆಸ್ಟ್‌ಸ್ಟ್ರೋಕಲ್ಲಿ ನನ್ನ ಮಗಳು ಗೋಡೇನ ಒಂದೇ ಕೈಲಿ ಮುಟ್ಟಿದ್ಳು ಅಂತ ಡಿಸ್ಕ್ವಾಲಿಫೈ ಮಾಡಿದ್ರು. ಎರಡೂ ಕೈ ಒಟ್ಟಿಗೆ ಮುಟ್ಬೇಕು ಅನ್ನೋ ನಿಯಮಾನೇ ನನಗೆ ಗೊತ್ತಿರ್ಲಿಲ್ಲ, ಜಡ್ಜ್ ಹತ್ರ ಜಗಳ ಆಡ್ದೆ, ಆಮೇಲೆ ಇವಳ ಮೇಲೆ ರೇಗ್ದೆ. ನೆಲಮಂಗಲ, ಡಾಬಸ್‌ಪೇಟೆ ದಾಟಿದ್ರೂ ಬಸ್ಸಲ್ಲಿ ಒಂದು ಮಾತಾಡ್ಲಿಲ್ಲ. ಕ್ಯಾತ್ಸಂದ್ರದ ಹತ್ರ "ಅಮ್ಮಾ, ಸಾರಿ" ಅಂದ್ಳು. ಒಂಬತ್ತು ವರ್ಷದ ಮಗು.

ಅದಕ್ಕೇ ನಿನ್ನೆ ತಡ್ಕೊಳ್ಳೋಕಾಗ್ಲಿಲ್ಲ. "ಸಾರ್, ಬನ್ನಿ ಇಲ್ಲಿ" ಅಂತ ಕರ್ಕೊಂಡ್ಹೋಗಿ ಆ ಹಾಳೆ ಮುಂದೆ ನಿಲ್ಲಿಸ್ದೆ. ಬೆರಳಿಟ್ಟು ಓದಿದ್ರು. ಸುಮ್ನೆ ನಿಂತ್ರು. ಆಮೇಲೆ ವಾಪಸ್ ಹೋಗಿ ಮಗಳ ಒದ್ದೆ ತಲೇನ ಟವೆಲಲ್ಲಿ ಒರೆಸ್ತಾ, "ಹಳೇ ಟೈಮ್ ಎಷ್ಟಿತ್ತು ಪುಟ್ಟಾ?" ಅಂತ ಕೇಳಿದ್ರು. ಅದು ಕೂಡ್ಲೇ ಹೇಳ್ತು, ಪಾಯಿಂಟ್ ಆದ್ಮೇಲಿನ ಎರಡು ಅಂಕಿ ಸಮೇತ.